ಹೊಲದ ಚೌಕ, ಆಣೆಯ ಲೆಕ್ಕ: ಧಾರವಾಡ ಸೀಮೆಯ ಪ್ರತಿಬುಕ್ಕಿನ ಚರಿತ್ರೆ

ಧಾರವಾಡದ ಪಡುವಣಕ್ಕಿರುವ ಮಲೆನಾಡಿನ ಸೆರಗಿನಿಂದ ಹೊರಟು, ಹುಬ್ಬಳ್ಳಿಯನ್ನು ದಾಟಿ, ನವಲಗುಂದದ ಬಯಲಿನವರೆಗೆ ಮೂಡಣಕ್ಕೆ ಸಾಗುವ ಹಾದಿಯಲ್ಲಿ, ಎರಡು ದಿನಗಳ ಬಂಡಿಯ ಪ್ರಯಾಣಕ್ಕೆ ಮೀರದಷ್ಟು ಅಂತರದೊಳಗೆ, ಭೂಮಿಯು ತನ್ನ ಬಣ್ಣವನ್ನೂ ಆಳವನ್ನೂ ಸ್ವಭಾವವನ್ನೂ ಬದಲಿಸಿಕೊಳ್ಳುವ ಪರಿಯನ್ನು ಕಂಡವರಿಗೆ, ಈ ಸೀಮೆಯ ಕಂದಾಯದ ಇತಿಹಾಸವು ಏಕೆ ಇಷ್ಟು ಜಟಿಲವಾಯಿತೆಂಬುದನ್ನು ಬೇರೆ ಯಾರೂ ತಿಳಿಸಬೇಕಾದುದಿಲ್ಲ. ಭತ್ತದ ಗದ್ದೆಗಳ ಕೆಂಪು ನೆಲವು ಮೊದಲು ಮಸಾರಿಯಾಗಿ, ಮಸಾರಿಯು ಅಲ್ಲಲ್ಲಿ ಎರಿಯೊಡನೆ ಬೆರೆತು, ಕಡೆಗೆ ಕಣ್ಣು ಹಾಯುವಷ್ಟು ದೂರವೂ ಕರಿಯ ಎರಿಭೂಮಿಯೇ ಆಗಿ ಹಬ್ಬುತ್ತದೆ. ಊರಿಂದೂರಿಗೆ ಮಾತ್ರವೇ ಈ ಭೇದವಿದ್ದಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಒಂದೇ ಹೊಲದ ಮೇಲ್ದಂಡೆಯಲ್ಲಿ ಸುಣ್ಣದ ಹರಳು ಬೆರೆತ ತೆಳುಮಣ್ಣು, ಕೆಳದಂಡೆಯಲ್ಲಿ ಆಳವಾದ ಎರಿ, ನಡುವೆ ಹಳ್ಳದ ನೀರು ಕೊಚ್ಚಿ ಕೆಡಿಸಿದ ಪಟ್ಟಿ, ಹೀಗೆ ಮೂರು ಬಗೆಯ ನೆಲವು ಒಬ್ಬನೇ ಒಕ್ಕಲಿಗನ ಒಂದೇ ನೇಗಿಲಿಗೆ ಸಿಕ್ಕುವುದು ಇಲ್ಲಿ ಸರ್ವಸಾಧಾರಣ. ಇಂತಹ ವೈವಿಧ್ಯವನ್ನು ಅಂಕಿಗಳ ಪಟ್ಟಿಯಾಗಿ ಅಳವಡಿಸಿ, ಆ ಪಟ್ಟಿಯ ಒಂದೊಂದು ಸಾಲನ್ನೂ ನಕಾಶೆಯ ಒಂದೊಂದು ಚೌಕಕ್ಕೆ ತಪ್ಪಿಲ್ಲದಂತೆ ಹೊಂದಿಸಿ ನಿಲ್ಲಿಸುವ ವಿದ್ಯೆಯೊಂದು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಈ ಜಿಲ್ಲೆಯ ಹೊಲಗಳಲ್ಲಿಯೇ ಪಳಗಿತು. ಅಂಕಿಗಳನ್ನು ಬಣ್ಣದ ಚೌಕಗಳಾಗಿ ತೋರಿಸಿ, ಅವುಗಳ ಅಂಚಿನಲ್ಲಿ ಟಿಪ್ಪಣಿಯ ಪಟ್ಟಿಕೆಗಳನ್ನು ಜೋಡಿಸುವ ಹೀಟ್‌ಮ್ಯಾಪ್ ಎಂಬ ಚಿತ್ರವನ್ನು ಇಂದು ಗಣಕದ ಮುಂದೆ ಕುಳಿತು ರಚಿಸುವ ತರುಣರು, ತಮ್ಮ ಕೆಲಸಕ್ಕೆ ಇಂತಹ ಪೂರ್ವಿಕರು ತಮ್ಮ ಊರಿನಲ್ಲಿಯೇ ಇದ್ದರೆಂಬುದನ್ನು ಅರಿಯಬೇಕೆಂಬ ಆಶೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅದಕ್ಕೆ ಹಿಂದೆ ನೆಲವನ್ನು ಅಳೆಯುತ್ತಿರಲಿಲ್ಲವೆಂದಲ್ಲ. ಈ ಭಾಗದ ಶಿಲಾಶಾಸನಗಳು ಮತ್ತರು, ಕಮ್ಮಗಳ ಲೆಕ್ಕದಲ್ಲಿ ದತ್ತಿಯ ಭೂಮಿಯನ್ನು ಹೇಳುತ್ತವೆ. ಅಳೆಯುವ ಗಳೆಯ ಉದ್ದವು ಮಾತ್ರ ನಾಡಿನಿಂದ ನಾಡಿಗೆ ಬೇರೆಯಾಗುತ್ತಿತ್ತು. ಒಕ್ಕಲಿಗರ ಬಾಯಲ್ಲಿ ಉಳಿದುಬಂದ ಕೂರಿಗೆಯ ಲೆಕ್ಕವಂತೂ ಬಿತ್ತನೆಯ ಶ್ರಮದಿಂದಲೇ ಹುಟ್ಟಿದುದು: ಒಂದು ಕೂರಿಗೆಯಿಂದ ಇಷ್ಟು ಹೊತ್ತಿನಲ್ಲಿ ಬಿತ್ತಬಹುದಾದಷ್ಟು ನೆಲ. ಹೊಲಗಳನ್ನು ಗುರುತಿಸುತ್ತಿದ್ದುದು ಹೆಸರಿನಿಂದ. ಬಾವಿಯ ಹೊಲ, ಹುಣಸಿಮರದ ಹೊಲ, ಗುಡಿಯ ಹಿಂದಿನ ಹೊಲ, ಇಲ್ಲವೆ ಅಜ್ಜನ ಹೆಸರಿನ ಹೊಲ. ಊರಿನವರಿಗೆ ಇದರಿಂದ ಯಾವ ತೊಡಕೂ ಇರಲಿಲ್ಲ. ಆದರೆ ಒಂದೇ ಊರಿನಲ್ಲಿ ಬಾವಿಯ ಹೊಲಗಳು ನಾಲ್ಕಿರುವುದೂ, ಒಂದೇ ಹೊಲಕ್ಕೆ ಅಣ್ಣತಮ್ಮಂದಿರು ಎರಡು ಹೆಸರಿಟ್ಟು ಕರೆಯುವುದೂ ಉಂಟಾದುದರಿಂದ, ಕುಲಕರ್ಣಿಯ ದಫ್ತರದಲ್ಲಿ ಬರೆದ ಸಾಲು ಯಾವ ನೆಲಕ್ಕೆ ಸೇರಿದುದೆಂಬುದನ್ನು ಕುಲಕರ್ಣಿಯೊಬ್ಬನೇ ಬಲ್ಲವನಾಗಿದ್ದನು. ಪಟ್ಟಿಯೂ ಇತ್ತು, ನೆಲವೂ ಇತ್ತು. ಎರಡನ್ನೂ ಬೆಸೆಯುವ ಕೊಂಡಿಯು ಒಬ್ಬ ಮನುಷ್ಯನ ನೆನಪಿನಲ್ಲಿ ಅಡಗಿತ್ತು.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಈ ಸೀಮೆಯು ಕಂಪನಿ ಸರಕಾರದ ಕೈಗೆ ಬಂದಾಗ ಹೊಸ ಅಧಿಕಾರಿಗಳಿಗೆ ದೊರೆತುದು ಇಂತಹ ದಫ್ತರಗಳೇ. ಪುಣೆಯ ಕಡೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿಯು, ಬೆಳೆಯ ಬೆಲೆಯಿಂದ ಸಾಗುವಳಿಯ ಖರ್ಚನ್ನು ಕಳೆದು ಉಳಿದ ನಿವ್ವಳ ಉತ್ಪನ್ನದ ಆಧಾರದಿಂದ ಕಂದಾಯವನ್ನು ನಿಗದಿ ಮಾಡಲು ಹೊರಟು, ಅರ್ಥಶಾಸ್ತ್ರಜ್ಞ ರಿಕಾರ್ಡೊವಿನ ಗೇಣಿತತ್ತ್ವವನ್ನು ದಖ್ಖನಿನ ಒಣಹೊಲಗಳ ಮೇಲೆ ಪ್ರಯೋಗಿಸಿ ನೋಡಿದನು. ಲೆಕ್ಕವು ಅತಿ ಸೂಕ್ಷ್ಮವಾಗಿತ್ತು. ಆ ಸೂಕ್ಷ್ಮತೆಗೆ ಆಧಾರವಾದ ಮೂಲ ಅಂಕಿಗಳೇ ಸುಳ್ಳಾಗಿದ್ದುದರಿಂದ ಇಡಿಯ ವ್ಯವಸ್ಥೆಯು ಕುಸಿದುಬಿತ್ತು. ಅನಂತರ 1835-36ರಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಎಂಬ ಕಂದಾಯಾಧಿಕಾರಿಯೂ ಜಾರ್ಜ್ ವಿಂಗೇಟ್ ಎಂಬ ಸೈನ್ಯದ ಇಂಜಿನಿಯರನೂ ಬೇರೊಂದು ಮಾರ್ಗವನ್ನು ಹಿಡಿದರು. ಆ ಮಾರ್ಗವು ಧಾರವಾಡ ಜಿಲ್ಲೆಯನ್ನು ಪ್ರವೇಶಿಸಿದುದು ಹುಬ್ಬಳ್ಳಿಯ ಮೂಲಕ: 1843-44ರಲ್ಲಿ ಹುಬ್ಬಳ್ಳಿ ತಾಲೂಕಿಗೆ ಮೂವತ್ತು ವರ್ಷಗಳ ಅವಧಿಯ ಹೊಸ ಕಂದಾಯದ ನಿಶ್ಚಯವಾಯಿತು. ಮುಂದಿನ ವರ್ಷಗಳಲ್ಲಿ ಅದು ನವಲಗುಂದಕ್ಕೂ ಡಂಬಳಕ್ಕೂ ಉಳಿದ ತಾಲೂಕುಗಳಿಗೂ ವ್ಯಾಪಿಸಿತು. ಇಂದಾಪುರದ ಬರಡಿನಲ್ಲಿಯೂ ಧಾರವಾಡದ ಎರಿಯಲ್ಲಿಯೂ ಗಳಿಸಿದ ಅನುಭವವೇ, ಇವರಿಬ್ಬರೂ ಕ್ಯಾಪ್ಟನ್ ಡೇವಿಡ್‌ಸನ್ನನೊಡನೆ ಕೂಡಿ 1847ರಲ್ಲಿ ಬರೆದ ಸಂಯುಕ್ತ ವರದಿಗೆ ಆಧಾರ. ಮುಂಬಯಿ ಇಲಾಖೆಯ ಭೂಮಾಪನದ ನಿಯಮಗಳೆಲ್ಲವೂ ಆ ವರದಿಯನ್ನೇ ಮೂಲವಾಗಿ ಉಳ್ಳವು.

ಇವರು ಮಾಡಿದ ಮೊದಲ ಕೆಲಸ ಹೊಲಕ್ಕೆ ನಂಬರು ಕೊಟ್ಟುದು. ಇದು ಕೇವಲ ಗುಮಾಸ್ತಿಕೆಯ ಸಂಗತಿಯಾಗಿ ತೋರಬಹುದಾದರೂ, ನನ್ನ ಮತದಲ್ಲಿ ಇಡಿಯ ವಿದ್ಯೆಯ ಮರ್ಮವೇ ಇಲ್ಲಿದೆ. 33 ಅಡಿಯ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿ, ಸರಪಳಿಯ ಉದ್ದಗಲದ ಚೌಕವನ್ನು ಒಂದು ಗುಂಟೆಯೆಂದೂ, 40 ಗುಂಟೆಗಳನ್ನು ಒಂದು ಎಕರೆಯೆಂದೂ ಎಣಿಸಿ, ಪ್ರತಿಯೊಂದು ಹೊಲದ ಮೂಲೆಗಳಲ್ಲಿ ಬಾಂದುಕಲ್ಲುಗಳನ್ನು ನೆಟ್ಟು, ಊರಿನ ಒಂದು ಅಂಚಿನಿಂದ ಆರಂಭಿಸಿ ಕ್ರಮವಾಗಿ ಸರ್ವೇ ನಂಬರುಗಳನ್ನು ಇಟ್ಟುಕೊಂಡು ಹೋದರು. ಅಳತೆಯ ಟಿಪ್ಪಣಿಯಲ್ಲಿಯೂ, ಮಣ್ಣಿನ ದರ್ಜೆಯನ್ನು ಬರೆಯುವ ಪ್ರತಿಬುಕ್ಕಿನಲ್ಲಿಯೂ, ಕಂದಾಯವನ್ನು ನಮೂದಿಸುವ ಆಕಾರಬಂದಿನಲ್ಲಿಯೂ, ಊರಿನ ನಕಾಶೆಯಲ್ಲಿಯೂ ಅದೇ ನಂಬರು. ಹೆಸರು ಬೇರೆಯಾಗಬಹುದು, ಒಡೆಯನು ಬದಲಾಗಬಹುದು, ಬೆಳೆಯು ವರ್ಷಕ್ಕೊಂದಾಗಬಹುದು; ನಂಬರು ಮಾತ್ರ ನೆಲವನ್ನು ಬಿಟ್ಟು ಕದಲುವಂತಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳು ಬರೆದ ಪಟ್ಟಿಗಳನ್ನು ಒಂದೇ ಚಿತ್ರದ ಮೇಲೆ ಇಳಿಸುವುದು ಇದರಿಂದ ಸಾಧ್ಯವಾಯಿತು. ಕುಲಕರ್ಣಿಯ ನೆನಪಿನಲ್ಲಿದ್ದ ಕೊಂಡಿಯು ಕಾಗದಕ್ಕೆ ಬಂದಿತು.

ಇನ್ನು ಪ್ರತಿಬುಕ್ಕಿನ ಒಂದು ಪುಟವನ್ನು ಸಮೀಪದಿಂದ ನೋಡೋಣ. ಮಣ್ಣಿನ ದರ್ಜೆಯನ್ನು ಗೊತ್ತುಮಾಡುವ ಕ್ಲಾಸರನು ಅಳತೆಯ ಕಾರ್ಯವು ಮುಗಿದ ತರುವಾಯ ಹೊಲಕ್ಕೆ ಬರುತ್ತಿದ್ದನು. ಪುಟದ ಮೇಲೆ ಹೊಲದ ಆಕೃತಿಯನ್ನು ಬರೆದು, ಅದನ್ನು ಗೆರೆಗಳಿಂದ ಸಮನಾದ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗಕ್ಕೂ ತಾನೇ ನಡೆದುಹೋಗಿ, ನೆಲವನ್ನು ಅಗೆಯಿಸಿ, ಮಣ್ಣಿನ ಆಳವನ್ನು ಮೊಳದ ಲೆಕ್ಕದಲ್ಲಿ ಅಳೆದು, ಬಣ್ಣವನ್ನೂ ಕಣದ ಸ್ವರೂಪವನ್ನೂ ಪರೀಕ್ಷಿಸಿ, ಪುಟದ ಆಯಾ ಚೌಕದೊಳಗೆ ಗುರುತು ಹಾಕುತ್ತಿದ್ದನು. ಮಣ್ಣಿನ ಜಾತಿಗಳು ಮೂರು: ಕಡುಗಪ್ಪಿನಿಂದ ಕಂದುಗಪ್ಪಿನವರೆಗಿನ ನಯವಾದ ಮಣ್ಣು ಮೊದಲನೆಯದು, ಅದಕ್ಕಿಂತ ಉರುಟಾದ, ಬಹುಮಟ್ಟಿಗೆ ಕೆಂಪಾದ ಮಣ್ಣು ಎರಡನೆಯದು, ಗರಸು ಬೆರೆತ, ಸಡಿಲವಾದ, ತಿಳಿಗಂದಿನಿಂದ ಬೂದಿಯವರೆಗಿನ ಬಣ್ಣದ ಮಣ್ಣು ಮೂರನೆಯದು. ಜಾತಿಯನ್ನು ಚುಕ್ಕೆಗಳ ಸಂಖ್ಯೆಯಿಂದ ಒಂದು ಮೂಲೆಯಲ್ಲಿ ಸೂಚಿಸಿ, ಆಳವನ್ನು ಇನ್ನೊಂದು ಮೂಲೆಯಲ್ಲಿ ಅಂಕಿಯಿಂದ ಬರೆದು, ದೋಷಗಳಿಗೆ ಗೊತ್ತಾದ ಚಿಹ್ನೆಗಳನ್ನು ಹಾಕುವುದು ಪದ್ಧತಿ. ಸುಣ್ಣದ ಹರಳಿನ ಬೆರಕೆ, ಮರಳಿನ ಬೆರಕೆ, ಇಳಿಜಾರು, ಮಣ್ಣಿನ ಅಂಟುಗುಣದ ಕೊರತೆ, ನೀರು ಇಂಗದ ಜಿಗುಟು, ಹರಿಯುವ ನೀರಿನ ಕೊಚ್ಚುವಿಕೆ, ಬುಗ್ಗೆಯ ಅತಿತೇವ, ಇಂತಹ ಒಂದೊಂದು ದೋಷಕ್ಕೂ ಒಂದೊಂದು ಗುರುತು ಇತ್ತು. ಒಂದು ಗುರುತು ಬಿದ್ದರೆ ಆ ಭಾಗವು ಒಂದು ದರ್ಜೆ ಕೆಳಗಿಳಿಯುತ್ತಿತ್ತು.

ದರ್ಜೆಗಳು ಒಂಬತ್ತು. ಮೊದಲನೆಯದರ ಬೆಲೆ 16 ಆಣೆ; ಆಮೇಲೆ ಕ್ರಮವಾಗಿ 14, 12, 10, 8, 6, ನಾಲ್ಕೂವರೆ, 3, ಕಡೆಯದು 2 ಆಣೆ. ಮೊದಲ ಜಾತಿಯ ಎರಿಮಣ್ಣು ಒಂದೂಮುಕ್ಕಾಲು ಮೊಳ ಆಳವಾಗಿದ್ದರೆ ಮೊದಲ ದರ್ಜೆ. ಒಂದೂವರೆ ಮೊಳವಿದ್ದರೆ ಎರಡನೆಯ ದರ್ಜೆ. ಅದೇ ಒಂದೂವರೆ ಮೊಳದ ಎರಿಯಲ್ಲಿ ಸುಣ್ಣದ ಹರಳೂ ಇಳಿಜಾರೂ ಇದ್ದರೆ ಎರಡು ಮೆಟ್ಟಿಲು ಇಳಿದು ನಾಲ್ಕನೆಯ ದರ್ಜೆ, ಅಂದರೆ 14 ಆಣೆಯ ನೆಲವು 10 ಆಣೆಯದಾಗುವುದು. ಉದಾಹರಣೆಗೆಂದು ಎಂಟು ಭಾಗಗಳ ಹೊಲವೊಂದನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಎರಡು ಭಾಗಗಳು ಎರಡನೆಯ ದರ್ಜೆಗೂ, ಮೂರು ಭಾಗಗಳು ಮೂರನೆಯ ದರ್ಜೆಗೂ, ಎರಡು ಭಾಗಗಳು ಐದನೆಯ ದರ್ಜೆಗೂ, ಉಳಿದ ಒಂದು ಭಾಗವು ಏಳನೆಯ ದರ್ಜೆಗೂ ಸೇರಿದ್ದರೆ, 28, 36, 16, ನಾಲ್ಕೂವರೆ, ಒಟ್ಟು ಎಂಬತ್ತನಾಲ್ಕೂವರೆ ಆಣೆ; ಎಂಟರಿಂದ ಭಾಗಿಸಿದರೆ ಹತ್ತು ಆಣೆ ಆರೂಮುಕ್ಕಾಲು ಪೈ. ಆ ಹೊಲದ ಯೋಗ್ಯತೆಯು ಅಷ್ಟು. ಸುಗ್ಗಿಯಲ್ಲಿ ಆ ನೆಲವು ಎಷ್ಟು ಚೀಲ ಜೋಳ ಕೊಡುವುದೆಂಬ ಪ್ರಶ್ನೆಯನ್ನು ವಿಂಗೇಟನು ಕೇಳಲೇ ಇಲ್ಲ. ಪಕ್ಕದ ಹೊಲಕ್ಕಿಂತ ಇದು ಎಷ್ಟು ಮೇಲು, ಎಷ್ಟು ಕೀಳು ಎಂಬ ಸಾಪೇಕ್ಷ ಪ್ರಶ್ನೆಯನ್ನೇ ಕೇಳಿದನು. ಪ್ರಿಂಗಲ್ಲನು ಸೋತಲ್ಲಿ ಇವನು ಗೆದ್ದುದಕ್ಕೆ ಇದೇ ಕಾರಣವೆಂದು ನಾನು ನಂಬುತ್ತೇನೆ.

ಕ್ಲಾಸರನಿಗೆ ಇಷ್ಟಬಂದ ಮಾತುಗಳಲ್ಲಿ ಮಣ್ಣನ್ನು ವರ್ಣಿಸುವ ಸ್ವಾತಂತ್ರ್ಯವಿರಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಒಬ್ಬನು ಕಪ್ಪೆಂದೂ ಇನ್ನೊಬ್ಬನು ಎರಿಯೆಂದೂ ಮತ್ತೊಬ್ಬನು ಉತ್ತಮವೆಂದೂ ಬರೆದಿದ್ದರೆ, ಹುಬ್ಬಳ್ಳಿಯ ಹೊಲವನ್ನು ನವಲಗುಂದದ ಹೊಲದೊಡನೆ ಹೋಲಿಸುವುದು ಆಗದ ಮಾತಾಗುತ್ತಿತ್ತು. ಮೂರು ಜಾತಿ, ಒಂಬತ್ತು ದರ್ಜೆ, ಎಣಿಸಿದಷ್ಟು ದೋಷಗಳು. ಅದರಾಚೆಗೆ ಒಂದು ಗುರುತೂ ಇಲ್ಲ. ಇದಕ್ಕಿಂತಲೂ ಹೆಚ್ಚಾಗಿ ನಾನು ಮೆಚ್ಚುವುದು, ಯಾವ ಸಂಗತಿಯನ್ನು ಯಾವ ಮಟ್ಟದಲ್ಲಿ ಬರೆಯಬೇಕೆಂಬ ವಿವೇಕವನ್ನು. ಮಣ್ಣಿನ ದರ್ಜೆಯು ಹೊಲದ ಒಂದೊಂದು ಭಾಗಕ್ಕೆ ಸೇರಿದುದು. ವಿಸ್ತೀರ್ಣವೂ ಸರಾಸರಿ ಆಣೆಯೂ ಇಡಿಯ ಸರ್ವೇ ನಂಬರಿಗೆ ಸೇರಿದುವು. ಮಳೆ, ಪೇಟೆಯ ಸಾಮೀಪ್ಯ, ರಸ್ತೆ, ಒಕ್ಕಲುತನದ ಸ್ಥಿತಿ ಇವು ಯಾವ ಒಂದು ಹೊಲಕ್ಕೂ ಸೇರಿದುವಲ್ಲ, ಊರುಗಳ ಗುಂಪಿಗೆ ಸೇರಿದುವು. ಆದುದರಿಂದ ತಾಲೂಕಿನ ಊರುಗಳನ್ನು ಗುಂಪುಗಳಾಗಿ ವಿಂಗಡಿಸಿ, ಗುಂಪಿಗೊಂದರಂತೆ ಎಕರೆಯ ಗರಿಷ್ಠ ದರವನ್ನು ಗೊತ್ತುಮಾಡಿ, ಆ ದರವನ್ನು ಹೊಲದ ಆಣೆಯಿಂದ ತಗ್ಗಿಸಿ ಆಕಾರವನ್ನು, ಅಂದರೆ ಕಂದಾಯವನ್ನು, ಲೆಕ್ಕಹಾಕಿದರು. ಗರಿಷ್ಠ ದರವು ಒಂದು ರೂಪಾಯಿಯಾಗಿದ್ದರೆ ಮೇಲೆ ಹೇಳಿದ ಹೊಲಕ್ಕೆ ಎಕರೆಗೆ ಹತ್ತು ಆಣೆ ಆರೂಮುಕ್ಕಾಲು ಪೈ ಬೀಳುವುದು. ಮಳೆಯ ಗುಣವನ್ನು ಮಣ್ಣಿನ ಚೌಕದೊಳಗೆ ತುರುಕಿದ್ದರೆ ಒಂದೇ ಗುಣವನ್ನು ಎರಡು ಸಲ ಎಣಿಸಿದ ದೋಷವು ತಟ್ಟುತ್ತಿತ್ತು.

ಖರಾಬಿನ ವಿಷಯವನ್ನೂ ಹೇಳಬೇಕು. ಹೊಲದೊಳಗೆ ಬಂಡೆ, ಹಳ್ಳ, ಹಾದಿ, ಉಳಲು ಬಾರದ ನೆಲವಿದ್ದರೆ ಅದನ್ನು ಎರಡಾಣೆಯ ಕೀಳುನೆಲವೆಂದು ಬರೆದು ಸರಾಸರಿಯನ್ನು ಇಳಿಸುತ್ತಿರಲಿಲ್ಲ. ಖರಾಬೆಂದು ಪ್ರತ್ಯೇಕವಾಗಿ ತೋರಿಸಿ ವಿಸ್ತೀರ್ಣದಿಂದಲೇ ಕಳೆಯುತ್ತಿದ್ದರು. ಬೆಲೆ ಕಡಮೆಯಾದುದು ಬೇರೆ, ಬೆಲೆಯೇ ಇಲ್ಲದುದು ಬೇರೆ ಎಂಬ ಈ ವಿವೇಚನೆಯು ಪಟ್ಟಿಯನ್ನು ಸಿದ್ಧಪಡಿಸುವವನಿಗೆ ಎಷ್ಟು ಅವಶ್ಯವೆಂಬುದು, ಗಣಕದ ಕೋಷ್ಟಕದಲ್ಲಿ ಖಾಲಿಯಾದ ಅಂಕಣಕ್ಕೆ ಸೊನ್ನೆಯನ್ನು ತುಂಬಿ ಕೆಟ್ಟವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈ ಪದ್ಧತಿಯನ್ನು ಹೊಗಳುವಾಗ ಅದರ ಉದ್ದೇಶವನ್ನು ಮರೆಯುವುದು ನ್ಯಾಯವಲ್ಲ. ಇದು ಒಕ್ಕಲಿಗನ ಹಿತಕ್ಕಾಗಿ ರಚಿತವಾದ ಮೃತ್ತಿಕಾಶಾಸ್ತ್ರವಾಗಿರದೆ, ಪರಕೀಯ ಸರಕಾರವೊಂದು ತನ್ನ ಬೊಕ್ಕಸವನ್ನು ತುಂಬಿಸಿಕೊಳ್ಳುವ ಸಲುವಾಗಿ ಏರ್ಪಡಿಸಿದ ಲೆಕ್ಕವಾಗಿತ್ತು. ಹಿಂದಿನ ಹೊರೆಗಿಂತ ದರಗಳು ಸೌಮ್ಯವಾಗಿ, ಮೂವತ್ತು ವರ್ಷಗಳವರೆಗೆ ಸ್ಥಿರವಾಗಿ ಇದ್ದುದರಿಂದ ಬೀಳುಬಿದ್ದ ಹೊಲಗಳು ಸಾಗುವಳಿಗೆ ಬಂದುವೆಂಬುದು ನಿಜ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಗೆ ಬಂದ ಬೆಲೆಯ ಲಾಭವು ರೈತನಿಗೂ ಸಿಕ್ಕಿದುದಕ್ಕೆ ಈ ಸ್ಥಿರತೆಯೂ ಒಂದು ಕಾರಣ. ಆದರೆ ಮೊದಲ ಅವಧಿಯು ಮುಗಿಯುತ್ತ ಬಂದ ಕಾಲದಲ್ಲಿಯೇ, 1876ರಿಂದ 1878ರವರೆಗಿನ ಘೋರಕ್ಷಾಮವು ಈ ಸೀಮೆಯನ್ನು ಹಿಂಡಿತು. ಹದಿನಾರಾಣೆಯ ನೆಲವೂ ಮಳೆಯಿಲ್ಲದಿದ್ದರೆ ಬರಡೇ ಎಂಬ ಸತ್ಯಕ್ಕೆ ಪ್ರತಿಬುಕ್ಕಿನ ಚೌಕದಲ್ಲಿ ಗುರುತಿರಲಿಲ್ಲ.

ಇನ್ನೊಂದು ಅನ್ಯಾಯವೂ ಉಂಟು. ವರದಿಯ ಮೇಲೆ ಮೂವರು ಆಂಗ್ಲರ ಹೆಸರಿದೆ. ಬಿಸಿಲಿನಲ್ಲಿ ಸರಪಳಿಯನ್ನು ಎಳೆದವರ, ಚೌಕಚೌಕಕ್ಕೂ ನಡೆದು ಮಣ್ಣನ್ನು ಬೆರಳಿನಿಂದ ಉಜ್ಜಿ ನೋಡಿದ ಕ್ಲಾಸರರ, ರಾತ್ರಿ ದೀಪದ ಬೆಳಕಿನಲ್ಲಿ ಮರಾಠಿಯ ಮೋಡಿ ಅಕ್ಷರಗಳಿಂದ ಶುದ್ಧಪ್ರತಿಯನ್ನು ಬರೆದ ಕಾರಕೂನರ ಹೆಸರನ್ನು ಯಾವ ಇತಿಹಾಸಗ್ರಂಥವೂ ಎತ್ತಿ ಹೇಳುವುದಿಲ್ಲ. ಎಲ್ಲಿ ಎರಿ ಮುಗಿದು ಮಸಾರಿ ತೊಡಗುವುದೆಂಬುದನ್ನು ಅವರಿಗೆ ತೋರಿಸಿಕೊಟ್ಟ ಒಕ್ಕಲಿಗನ ಜ್ಞಾನವಂತೂ ಅಂಕಿಯಾಗಿ ಮಾರ್ಪಟ್ಟೊಡನೆ ಅವನದಾಗಿ ಉಳಿಯಲಿಲ್ಲ. ಈ ಜನರು ಮಾಡಿದುದು ಬುದ್ಧಿಯ ಕೆಲಸವೆಂಬುದನ್ನು ನಾವು ಈಗಲಾದರೂ ಒಪ್ಪಬೇಕು.

ಯುರೋಪಿನಲ್ಲಿ ಅಂಕಿಗಳ ಪಟ್ಟಿಯನ್ನೇ ಬಣ್ಣದ ಚೌಕಗಳಾಗಿ ತೋರಿಸಿದ ಹಳೆಯ ನಿದರ್ಶನವೆಂದು ಚಿತ್ರಸಂಖ್ಯಾಶಾಸ್ತ್ರದ ಚರಿತ್ರಕಾರರು ಸಾಮಾನ್ಯವಾಗಿ ಹೇಳುವುದು, ತುಸ್ಸೇಂ ಲುವಾ ಎಂಬವನು 1873ರಲ್ಲಿ ಪ್ಯಾರಿಸ್ ನಗರದ 20 ವಿಭಾಗಗಳ ಜನಸ್ಥಿತಿಯನ್ನು ಕುರಿತು ಪ್ರಕಟಿಸಿದ ಪಟವನ್ನು. ಧಾರವಾಡದ ಪ್ರತಿಬುಕ್ಕು ಬಣ್ಣದ ಪಟವಲ್ಲ. ಅದರಲ್ಲಿದ್ದುದು ಮಸಿಯ ಗುರುತು ಮಾತ್ರ. ಆದರೆ ಚೌಕಕ್ಕೆ ಬೆಲೆಯನ್ನೂ, ಬೆಲೆಯ ಕಾರಣವನ್ನು ಸೂಚಿಸುವ ಟಿಪ್ಪಣಿಯನ್ನೂ ಒಟ್ಟಿಗೆ ನಿಲ್ಲಿಸುವ ಕ್ರಮವು ಇಲ್ಲಿ ಅದಕ್ಕೆ ಮೂವತ್ತು ವರ್ಷಗಳ ಮೊದಲೇ ಊರೂರಿನ ಹೊಲಗಳಲ್ಲಿ ರೂಢಿಯಾಗಿತ್ತು.

ಇಂದಿನ ಕೃಷಿವಿಜ್ಞಾನಿಯ ಮುಂದಿರುವ ತೊಡಕೂ ಮೂಲದಲ್ಲಿ ಅದೇ. ಹತ್ತಿಯ ತಳಿಗಳ ಇಳುವರಿಯನ್ನು ಹೀಟ್‌ಮ್ಯಾಪಿನ ಚೌಕಗಳಾಗಿ ಬಿಡಿಸಿ, ಪಕ್ಕದಲ್ಲಿ ಮಣ್ಣು, ಹಂಗಾಮು, ನೀರಾವರಿ ಇವುಗಳ ಟಿಪ್ಪಣಿ ಪಟ್ಟಿಕೆಗಳನ್ನು ಜೋಡಿಸಬೇಕಾದರೆ, ಇಳುವರಿಯ ಕೋಷ್ಟಕದ ಸಾಲಿನ ಹೆಸರೂ ಟಿಪ್ಪಣಿಯ ಕೋಷ್ಟಕದ ಸಾಲಿನ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಟಿಪ್ಪಣಿಯ ಸಾಲುಗಳು ಚಿತ್ರದ ಸಾಲುಗಳ ಅನುಕ್ರಮದಲ್ಲಿಯೇ ನಿಲ್ಲಬೇಕು. ಒಂದು ಸಾಲಿಗೆ ಒಂದೇ ಟಿಪ್ಪಣಿ ಇರಬೇಕು. ಧಾರವಾಡದ ಸಂಶೋಧನ ಕೇಂದ್ರದಲ್ಲಿ ಹುಟ್ಟಿದ ಹೆಸರಾಂತ ಸಂಕರ ಹತ್ತಿಯನ್ನು ಒಂದು ಪಟ್ಟಿಯಲ್ಲಿ ಡಿಸಿಎಚ್-32 ಎಂದೂ ಇನ್ನೊಂದರಲ್ಲಿ ಜಯಲಕ್ಷ್ಮಿಯೆಂದೂ ಬರೆದಿದ್ದರೆ, ರೈತನಿಗೆ ಎರಡೂ ಒಂದೇ. ಗಣಕಕ್ಕೆ ಅವು ಎರಡು ತಳಿಗಳು. ಮೊದಲ ಕೋಷ್ಟಕದ ಚೌಕವು ಟಿಪ್ಪಣಿಯಿಲ್ಲದೆ ಉಳಿಯುತ್ತದೆ. ಕೆಲವು ವೇಳೆ ಇದಕ್ಕಿಂತ ಕೆಟ್ಟುದಾಗಿ, ಹೆಸರನ್ನು ನೋಡದೆ ಸಾಲಿನ ಕ್ರಮವನ್ನೇ ನಂಬಿ ಜೋಡಿಸಿದಾಗ, ಮಸಾರಿಯ ಟಿಪ್ಪಣಿಯು ಎರಿಯ ಪಕ್ಕದಲ್ಲಿ ಹೋಗಿ ಕೂರುತ್ತದೆ; ಚಿತ್ರವು ಅಂದವಾಗಿಯೇ ಇರುತ್ತದೆ, ಅದು ಹೇಳುವುದೆಲ್ಲವೂ ಸುಳ್ಳಾಗಿರುತ್ತದೆ. ಚಿತ್ರವನ್ನು ಬಿಡಿಸುವುದಕ್ಕೆ ಕ್ಷಣಕಾಲ ಸಾಕಾಗಬಹುದು. ಶ್ರಮವೆಲ್ಲವೂ ಪಟ್ಟಿಯನ್ನು ಅದಕ್ಕೆ ಅಣಿಮಾಡುವುದರಲ್ಲಿದೆ. ಸರ್ವೇಖಾತೆಯ ಕಾರಕೂನನಿಗೆ ಇದು ಹಸ್ತಗತವಾದ ವಿದ್ಯೆಯಾಗಿತ್ತು. ಹೊಲವು ಒಡೆದು ಹಿಸ್ಸೆಗಳಾದಾಗ ಮೂಲ ನಂಬರನ್ನು ಅಳಿಸದೆ ಅದರ ಕೆಳಗೆ ಹಿಸ್ಸಾ ನಂಬರನ್ನು ಸೇರಿಸುವುದೂ, ಕ್ಷೇತ್ರದಲ್ಲಿಯೋ ಆಕಾರದಲ್ಲಿಯೋ ವ್ಯತ್ಯಾಸವಾದರೆ ಅದನ್ನು ಕಮ್ಮಿಜಾಸ್ತಿ ಪತ್ರಕದಲ್ಲಿ ದಾಖಲಿಸುವುದೂ ಅವನ ನಿತ್ಯಧರ್ಮ. ಹಳೆಯದನ್ನು ಒರೆಸಿ ಹೊಸದನ್ನು ಬರೆಯುವುದು ಅಲ್ಲಿ ನಿಷಿದ್ಧ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1865ರ ಕಾಯದೆಯೂ 1879ರ ಮುಂಬಯಿ ಭೂಕಂದಾಯ ಸಂಹಿತೆಯೂ ಈ ಪದ್ಧತಿಗೆ ಶಾಸನದ ಬಲವನ್ನು ಕೊಟ್ಟುವು. 1903ರ ಕಾಯದೆಯಿಂದ ಹಕ್ಕುದಾಖಲೆಯು ಬಂದು, ನೆಲದ ಪಟ್ಟಿಗೆ ಮನುಷ್ಯರ ಹಕ್ಕಿನ ಅಂಕಣವು ಸೇರಿತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ 1964ರ ಕರ್ನಾಟಕ ಭೂಕಂದಾಯ ಕಾಯದೆಯು ಎಲ್ಲ ಸೀಮೆಗಳನ್ನೂ ಒಂದು ಪದ್ಧತಿಗೆ ತಂದಿತು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಕೀಲಿಯಾಗಿ ಹಿಡಿದುದು ಅದೇ ಸರ್ವೇ ನಂಬರನ್ನು, ಅದೇ ಹಿಸ್ಸೆಯನ್ನು. ಪಹಣಿಯಲ್ಲಿ ಇಂದಿಗೂ ಮಣ್ಣಿನ ನಮೂನೆಗೊಂದು ಅಂಕಣವಿದೆ, ಖರಾಬಿಗೊಂದು ಅಂಕಣವಿದೆ. ಮೈಲಿಗೆ 8 ಅಂಗುಲದ ಪ್ರಮಾಣದಲ್ಲಿ ಬರೆದ ಹಳೆಯ ಗ್ರಾಮನಕಾಶೆಯನ್ನೇ, ಅಂದರೆ 1:7920ರ ಪ್ರಮಾಣವನ್ನೇ, ‘ಸುಜಲ’ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಗದಗ ಮೊದಲಾದ ಜಿಲ್ಲೆಗಳ ಮಣ್ಣಿನ ಸವಿವರ ಸಮೀಕ್ಷೆಗೆ ಆಧಾರಪಟವಾಗಿ ಇಟ್ಟುಕೊಂಡರು. ಗದಗವಾದರೋ 1997ರವರೆಗೂ ಧಾರವಾಡ ಜಿಲ್ಲೆಯದೇ ಅಂಗ. ಉಪಗ್ರಹದಿಂದ ತೆಗೆದ ಚಿತ್ರಗಳೂ ಪ್ರಯೋಗಾಲಯದ ರಾಸಾಯನಿಕ ಅಂಕಿಗಳೂ ಕ್ಲಾಸರನ ಕಾಲದಲ್ಲಿ ಹಾಕಿದ ಗೆರೆಗಳ ಮೇಲೆಯೇ ಬಂದು ಇಳಿದುವು.

ಹಳೆಯ ಪ್ರತಿಬುಕ್ಕುಗಳ ಕಾಗದವು ಮುರುಟುತ್ತಿದೆ. ಮೋಡಿಯನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಚೌಕದೊಳಗಿನ ಚುಕ್ಕೆ ಯಾವುದು, ದೋಷದ ಗುರುತು ಯಾವುದು, ಮಸಿಯ ಕಲೆ ಯಾವುದು ಎಂಬುದನ್ನು ಹೇಳಬಲ್ಲ ಕಣ್ಣುಗಳು ಇನ್ನೂ ಇರುವಾಗಲೇ ಅವುಗಳನ್ನು ಪಟ್ಟಿಗಿಳಿಸಬೇಕು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ, ಈಗ ಐಐಟಿಯೂ ಇದೆ. ಹುಬ್ಬಳ್ಳಿಯಲ್ಲಿ ದತ್ತಾಂಶದ ಕೆಲಸದಿಂದಲೇ ಅನ್ನವನ್ನು ಗಳಿಸುವ ನೂರಾರು ಜನ ತರುಣರಿದ್ದಾರೆ. ಮೋಡಿ ಬಲ್ಲ ಹಿರಿಯರೊಬ್ಬರೂ ಗಣಕ ಬಲ್ಲ ಕಿರಿಯರೊಬ್ಬರೂ ಜೊತೆಯಾಗಿ ಕುಳಿತು, ಒಂದು ತಾಲೂಕಿನ ಪ್ರತಿಬುಕ್ಕುಗಳನ್ನಾದರೂ ಸರ್ವೇ ನಂಬರಿನ ಕ್ರಮದಿಂದ ಕೋಷ್ಟಕವಾಗಿ ಬರೆದಿಟ್ಟರೆ, ಸುಮಾರು ನೂರ ಎಂಬತ್ತು ವರ್ಷಗಳಲ್ಲಿ ಈ ನೆಲದ ಆಳವು ಎಷ್ಟು ಕೊಚ್ಚಿಹೋಯಿತು, ಎಲ್ಲಿ ಉಳಿಯಿತು ಎಂಬುದನ್ನು ಇಂದಿನ ಮಣ್ಣಿನ ಪಟದ ಪಕ್ಕದಲ್ಲಿಟ್ಟು ನೋಡಬಹುದು. ಆ ಕೆಲಸವನ್ನು 1843ರಲ್ಲಿ ಈ ಪದ್ಧತಿಯು ಮೊದಲಾದ ಹುಬ್ಬಳ್ಳಿ ತಾಲೂಕಿನಿಂದಲೇ ಆರಂಭಿಸಿರೆಂದು, ಇದಕ್ಕೆ ಯೋಗ್ಯರಾದವರೆಲ್ಲರನ್ನೂ ಬೇಡಿಕೊಳ್ಳುತ್ತೇನೆ.